ಕಿಟಕಿ ತೆರೆಯದ ಶನಿವಾರ

ನಿಮ್ಮ ಕೆಲಸ ಏನು ಎಂದು ಯಾರಾದರೂ ಕೇಳಿದರೆ ನಾನು ಇದ್ದದ್ದನ್ನೇ ಹೇಳುತ್ತಿದ್ದೆ: ಕೂತುಕೊಳ್ಳುವುದು. ಬಸ್ ಡಿಪೋದ ಮೊದಲ ಮಹಡಿಯ ಮೂಲೆಯ ಕೋಣೆಯಲ್ಲಿ, ಒಂದು ಕಂಪ್ಯೂಟರಿನ ಮುಂದೆ ಒಂಬತ್ತು ವರ್ಷ ಕೂತಿದ್ದೇನೆ. ಕೇಳಿದವರು ನಗುತ್ತಿದ್ದರು. ನಕ್ಕವರಲ್ಲಿ ಮುಕ್ಕಾಲು ಪಾಲು ಜನ ತಮ್ಮ ತಮ್ಮ ಆಫೀಸಿನಲ್ಲಿ ಮಾಡುತ್ತಿದ್ದದ್ದೂ ಅದನ್ನೇ, ಆದರೆ ಅವರ ಕುರ್ಚಿಗೆ ಚಕ್ರಗಳಿದ್ದವು.

ಕಂಪ್ಯೂಟರಿನ ಮುಂದೆ ಸುಮ್ಮನೆ ಕೂರುವುದು ಎಂದರೆ ಏನು ಎಂದು ಹೇಳಿಬಿಡುತ್ತೇನೆ. ನಮ್ಮ ಡಿಪೋದಲ್ಲಿ ಡ್ರೈವರು, ಕಂಡಕ್ಟರು ಎಲ್ಲ ಸೇರಿ ನಾಲ್ಕು ನೂರ ಹನ್ನೆರಡು ಜನ. ಯಾರು ಯಾವ ಬಸ್ಸು, ಯಾವ ಪಾಳಿ, ಯಾರಿಗೆ ಯಾವ ದಿನ ರಜೆ ಎನ್ನುವ ಡ್ಯೂಟಿ ಪಟ್ಟಿಯನ್ನು ಪ್ರತಿ ಶನಿವಾರ ಕಂಪ್ಯೂಟರು ತಯಾರಿಸಬೇಕು, ಸೋಮವಾರದಿಂದ ಅದು ಜಾರಿಗೆ ಬರಬೇಕು. ಇವನಿಗೆ ಸೊಂಟ ನೋವು, ದೂರದ ದಾರಿ ಬೇಡ. ಅವಳಿಗೆ ಕೂಸಿದೆ, ಬೆಳಗಿನ ಪಾಳಿ ಬೇಕು. ಆ ಇಬ್ಬರನ್ನು ಒಂದೇ ಬಸ್ಸಿಗೆ ಹಾಕಿದರೆ ಪ್ರಯಾಣಿಕರು ಜಗಳ ಬಿಡಿಸಬೇಕು. ಇದನ್ನೆಲ್ಲ ಹೊಂದಿಸಿ ಮುಗಿಸಲು ಆ ಪೆಟ್ಟಿಗೆಗೆ ಆರೂವರೆ ಗಂಟೆ ಹಿಡಿಯುತ್ತಿತ್ತು. ಬೆಳಗ್ಗೆ ಎಂಟಕ್ಕೆ ಶುರು ಮಾಡಿದರೆ ಮಧ್ಯಾಹ್ನ ಎರಡೂವರೆಗೆ ಪಟ್ಟಿ. ಉಳಿದ ದಿನ ಟಿಕೆಟ್ಟು, ಡೀಸೆಲ್ಲಿನ ಲೆಕ್ಕ, ಅದಕ್ಕೂ ಹೆಚ್ಚು ಕಡಿಮೆ ಅಷ್ಟೇ ಹೊತ್ತು.

ಅದರ ಕೆಲಸದ ರೀತಿ ವಿಚಿತ್ರ. ಮೊದಲು ನಾಲ್ಕು ನೂರ ಹನ್ನೆರಡು ಹೆಸರಿನ ಮುಂದೆಯೂ ವಾರವಿಡೀ 'ರಜೆ' ಎಂದು ತುಂಬಿಬಿಡುತ್ತದೆ. ಆಮೇಲೆ ಒಬ್ಬೊಬ್ಬರ ರಜೆ ಅಳಿಸುತ್ತ ಡ್ಯೂಟಿ ಹಾಕುತ್ತ ಹೋಗುತ್ತದೆ. ನಮ್ಮ ಸಾಹೇಬರ ಸ್ವಭಾವಕ್ಕೆ ತಕ್ಕ ಯಂತ್ರ, ಕೊಟ್ಟ ಹಾಗೆ ಮಾಡಿ ಕಿತ್ತುಕೊಳ್ಳುವುದು. ಅದು ನಡುವೆ ಕೈಕೊಟ್ಟಿತೇ ಎಂದು ನೋಡಿಕೊಳ್ಳುವುದು ನನ್ನ ಪಾಲು. ಫ್ಯಾನಿನ ಸದ್ದು ಒಂದು ಹಂತದಲ್ಲಿ ಏರುತ್ತದೆ, ಕೊನೆಯ ಅರ್ಧ ಗಂಟೆ ಇಳಿಯುತ್ತ ಬರುತ್ತದೆ. ಪರದೆಯ ಮೇಲಿನ ಶೇಕಡಾ ಅಂಕಿ ತೊಂಬತ್ತೊಂಬತ್ತಕ್ಕೆ ಬಂದು ಮುಕ್ಕಾಲು ಗಂಟೆ ನಿಲ್ಲುತ್ತದೆ, ಆಗ ಹೊಸಬರು ಗಾಬರಿಯಾಗಿ ಅದನ್ನು ಆರಿಸುತ್ತಾರೆ, ನಾನು ಸ್ವೆಟರಿನ ತೋಳು ಹೆಣೆಯುತ್ತಿದ್ದೆ. ಕೊನೆಯಲ್ಲಿ ಪರದೆಯ ಅಡಿಯಲ್ಲಿ 'ಉಳಿದವರು: ಸೊನ್ನೆ' ಎಂಬ ಸಾಲು ಬರಬೇಕು, ಡ್ಯೂಟಿ ಹಾಕದೆ ಯಾರೂ ಉಳಿದಿಲ್ಲ ಎಂದು ಅರ್ಥ. ಬಂದ ಮೇಲೆ ನಾನು ಎದ್ದು ಅಂಗಳದ ಕಡೆಯ ಕಿಟಕಿ ತೆರೆಯುತ್ತಿದ್ದೆ. ಕಿಟಕಿ ತೆರೆಯಿತು ಎಂದರೆ ಪಟ್ಟಿ ಸಿದ್ಧ. ಅಂಗಳದಲ್ಲಿ ಟೀ ಕುಡಿಯುತ್ತ ಕೂತವರೆಲ್ಲ ಲೋಟ ಇಟ್ಟು ಎದ್ದು ಬರುತ್ತಿದ್ದರು, ಗುಮಾಸ್ತ ಗೋಡೆಗೆ ಅಂಟಿಸುತ್ತಿದ್ದ, ಅರ್ಧ ಜನ ನನ್ನನ್ನು ಬೈದುಕೊಂಡು ಹೋಗುತ್ತಿದ್ದರು. ಒಂಬತ್ತು ವರ್ಷದಲ್ಲಿ ಒಂದು ಸಲವೂ ನಾನು ಸುಳ್ಳು ಕಿಟಕಿ ತೆರೆದದ್ದಿಲ್ಲ.

ಹೀಗಿರುವಾಗ ಟಿಂಗಣ್ಣ ಬಂದ.

ಅವನಿಗೆ ಮನೆಯವರು ಇಟ್ಟ ಹೆಸರು ಬೇರೆ ಇತ್ತು, ಕೊರಳಲ್ಲಿ ನೇತಾಡುವ ಬಿಲ್ಲೆಯ ಮೇಲೆ ಬರೆದಿತ್ತು ಕೂಡ. ದಕ್ಷತೆಯ ಸಲಹೆಗಾರ ಎನ್ನುವುದು ಅವನ ಹುದ್ದೆ. ವಯಸ್ಸು ನಲವತ್ತೈದು ದಾಟಿತ್ತು, ಉತ್ಸಾಹ ಮಾತ್ರ ಹೊಸ ಸೈಕಲ್ ಸಿಕ್ಕವನದು. ಎರಡು ದಿನ ನನ್ನ ಬೆನ್ನ ಹಿಂದೆ ನಿಂತು ನಾನು ಕೂರುವುದನ್ನು ನೋಡಿದ, ಗಡಿಯಾರ ಹಿಡಿದು ಏನೋ ಬರೆದುಕೊಂಡ. ಮೂರನೆಯ ದಿನ ಸಾಹೇಬರ ಕೋಣೆಯಲ್ಲಿ ವರದಿ ಒಪ್ಪಿಸಿದ: ಈ ಮಹಿಳೆ ದಿನಕ್ಕೆ ಆರೂವರೆ ಗಂಟೆ ಏನೂ ಮಾಡುವುದಿಲ್ಲ. ಇಷ್ಟು ದೊಡ್ಡ ಸತ್ಯ ಕಂಡುಹಿಡಿಯಲು ಆಫೀಸು ಅವನನ್ನು ಮೂರು ದಿನ ಇಟ್ಟುಕೊಂಡಿತ್ತು.

ಪರಿಹಾರವನ್ನೂ ಅವನೇ ತಂದಿದ್ದ. ಒಂದು ಸಣ್ಣ ಪ್ರೋಗ್ರಾಂ. ಕಂಪ್ಯೂಟರಿನ ದೊಡ್ಡ ಕೆಲಸ ಮುಗಿದ ಕೂಡಲೇ ಪರದೆಯ ಮೂಲೆಯಲ್ಲಿ ಹಸಿರು ಚೀಟಿ ಏಳುತ್ತದೆ, 'ಟಿಂಗ್' ಎನ್ನುತ್ತದೆ, ಸಾಹೇಬರ ಮೇಜಿನ ಮೇಲೂ ಟಿಂಗ್, ಅವರ ಫೋನಿನಲ್ಲೂ ಟಿಂಗ್. ಸಾಹೇಬರು ಇಡೀ ಮಧ್ಯಾಹ್ನ ಆ ಸದ್ದನ್ನು ಮತ್ತೆ ಮತ್ತೆ ಮಾಡಿಸಿಕೊಂಡು ಕೇಳಿದರು. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಅವರಿಗೆ ಯಾವ ಕೆಲಸವೂ ಮುಗಿದದ್ದು ಗೊತ್ತಾಗಿರಲಿಲ್ಲ ಪಾಪ.

ನಾನು ಒಂದೇ ಪ್ರಶ್ನೆ ಕೇಳಿದೆ. ಕೆಲಸ ಕೆಟ್ಟು ನಿಂತರೂ ಅದು ಟಿಂಗ್ ಅನ್ನುತ್ತದೆಯೇ ಎಂದು. ಟಿಂಗಣ್ಣ ನನ್ನ ಕಡೆ ಕನಿಕರದಿಂದ ನೋಡಿದ. ಓಡುತ್ತಿದ್ದ ಕೆಲಸ ಇನ್ನು ಓಡುತ್ತಿಲ್ಲ ಎಂದರೆ ಮುಗಿಯಿತು ಎಂದೇ ಅರ್ಥವಲ್ಲವೇ ಮೇಡಂ, ಎಂದ.

"ಮುಗಿಯೋದು ಬೇರೆ, ಸರಿಯಾಗಿ ಮುಗಿಯೋದು ಬೇರೆ ಕಣಪ್ಪ," ಅಂದೆ.

ಅದನ್ನು ಅವನು ನಗುತ್ತ ಬರೆದುಕೊಂಡ. ಮಾರನೆಯ ದಿನ ನನ್ನ ಮೇಜಿನ ಮೇಲೆ ಒಂದು ಆದೇಶ ಬಂದು ಕೂತಿತ್ತು: 'ಗಣಕ ಕಾರ್ಯವು ಮುಗಿದ ಬಗ್ಗೆ ತಿಳಿಸುವ ಅಧಿಕಾರವು ಇನ್ನು ಮುಂದೆ ಸೂಚನಾ ತಂತ್ರಾಂಶಕ್ಕೆ ಮಾತ್ರ ಇರತಕ್ಕದ್ದು. ಸಿಬ್ಬಂದಿಯು ಈ ವಿಷಯದಲ್ಲಿ ಅಭಿಪ್ರಾಯ ವ್ಯಕ್ತಪಡಿಸತಕ್ಕದ್ದಲ್ಲ.' ಕೆಳಗೆ ಇನ್ನೊಂದು ಸಾಲು. ಸೋಮವಾರದಿಂದ ನಾನು ನೆಲಮಾಳಿಗೆಯಲ್ಲಿ, ಬಸ್ಸಿನಲ್ಲಿ ಬಿಟ್ಟುಹೋದ ಸಾಮಾನುಗಳ ಕೋಣೆಯಲ್ಲಿ ಕೆಲಸ ಮಾಡತಕ್ಕದ್ದು. ಒಂಟಿ ಚಪ್ಪಲಿ, ಮುರಿದ ಕೊಡೆ, ಯಾರದೋ ಹಲ್ಲಿನ ಸೆಟ್ಟು. ಅಲ್ಲಿ ಕಿಟಕಿ ಇಲ್ಲ.

ಸುಳ್ಳು ಯಾಕೆ ಹೇಳಲಿ, ಸಂಜೆ ನಡೆದು ಮನೆಗೆ ಹೋಗುವಾಗ ಕಣ್ಣಲ್ಲಿ ನೀರು ಬಂತು. ಆ ಕುರ್ಚಿ ನನ್ನ ಅಪ್ಪನ ಆಸ್ತಿಯೇನಲ್ಲ, ಗೊತ್ತು. ಆದರೆ ನಾನು ಏಳುವುದನ್ನೇ ನಾಲ್ಕು ನೂರು ಜನ ಕತ್ತೆತ್ತಿ ನೋಡುತ್ತಿದ್ದ ಜಾಗ ಅದು. ಐವತ್ತಾರು ವರ್ಷದ ಬದುಕಿನಲ್ಲಿ ನನ್ನ ಮಾತನ್ನು ಜನ ಅಷ್ಟು ನಂಬಿದ ಜಾಗ ಬೇರೊಂದಿಲ್ಲ. ನಮ್ಮ ಮನೆಯವರಿಗೆ, ಅಂದರೆ ಗಂಡನಿಗೆ, ಹೇಳಿದೆ. ಅವರು ದರ್ಜಿಯಾಗಿದ್ದವರು, ಎರಡೂ ಕಣ್ಣಿಗೆ ಪೊರೆ ಬಂದು ಸೂಜಿಗೆ ದಾರ ಏರಿಸಲಾಗದೆ ಅಂಗಡಿ ಮುಚ್ಚಿದವರು. ಏಳು ತಿಂಗಳು ಕಾದ ಮೇಲೆ ಆಸ್ಪತ್ರೆಯಿಂದ ಶಸ್ತ್ರಚಿಕಿತ್ಸೆಗೆ ದಿನ ಸಿಕ್ಕಿತ್ತು: ಇದೇ ಸೋಮವಾರ, ಬೆಳಗ್ಗೆ ಹತ್ತು. ಎಲ್ಲ ಕೇಳಿಸಿಕೊಂಡು, ಕಣ್ಣು ಬಂದ ಮೇಲೆ ನೆಲಮಾಳಿಗೆಗೆ ಬಂದು ನಿನ್ನ ಹೊಸ ಕುರ್ಚಿ ನೋಡುತ್ತೇನೆ ಬಿಡು ಎಂದರು. ಅವರ ಸಮಾಧಾನ ಯಾವಾಗಲೂ ಹಾಗೆಯೇ, ಹೊಲಿಗೆ ಕಾಣುವುದಿಲ್ಲ.

ಶನಿವಾರ ಬಂತು. ಪಟ್ಟಿಯನ್ನು ಬೆಳಗ್ಗೆ ಶುರು ಮಾಡುವ ಹಳೆಯ ಪದ್ಧತಿಯೂ ದಂಡವಂತೆ. ಯಾರೂ ಕಾಯಬೇಕಾಗಿಲ್ಲದ ಮೇಲೆ ಯಾವಾಗ ಶುರು ಮಾಡಿದರೇನು? ಮಧ್ಯಾಹ್ನ ಸರಿಯಾಗಿ ಎರಡು ಗಂಟೆಗೆ ಸಾಹೇಬರು ತಮ್ಮ ಕೈಯಾರೆ ಗುಂಡಿ ಒತ್ತಿದರು. ಗುಮಾಸ್ತ ಫೋಟೊ ತೆಗೆದ. ಟಿಂಗಣ್ಣ ಎಲ್ಲರಿಗೂ ಬಿಸ್ಕತ್ತು ಹಂಚಿದ, ನನಗೆ ಎರಡು ಕೊಟ್ಟ. ರಾತ್ರಿ ಎಂಟೂವರೆಗೆ ಎಲ್ಲರೂ ಮನೆಯಲ್ಲಿ ಆರಾಮವಾಗಿ ಕೂತಿರುವಾಗ ಟಿಂಗ್ ಕೇಳಿಸುತ್ತದೆ ಎಂದು ಅವನು ವಿವರಿಸುತ್ತಿದ್ದ.

ವಿವರಣೆ ಮುಗಿಯುವ ಮೊದಲೇ ಟಿಂಗ್ ಎಂದಿತು.

ನಾನು ಗೋಡೆ ಗಡಿಯಾರ ನೋಡಿದೆ. ಎರಡು ಗಂಟೆ ಹನ್ನೊಂದು ನಿಮಿಷ. ಪರದೆಯ ಮೂಲೆಯಲ್ಲಿ ಹಸಿರು ಚೀಟಿ: 'ಅಭಿನಂದನೆಗಳು! ನಿಮ್ಮ ಕೆಲಸ ಯಶಸ್ವಿಯಾಗಿ ಮುಗಿದಿದೆ.' ಆರೂವರೆ ಗಂಟೆಯ ಕೆಲಸ ಹನ್ನೊಂದು ನಿಮಿಷದಲ್ಲಿ. ಫ್ಯಾನು ಏರಲೇ ಇಲ್ಲ, ಇಳಿಯುವ ಮಾತೆಲ್ಲಿ ಬಂತು. ಅಡಿಯ ಸಾಲಿನಲ್ಲಿ ಸೊನ್ನೆ ಇರಬೇಕಾದಲ್ಲಿ ನಾಲ್ಕು ನೂರ ಹನ್ನೆರಡು ಇತ್ತು. ಆಮೇಲೆ ತಿಳಿದದ್ದು, ಟಿಂಗಣ್ಣನ ಪ್ರೋಗ್ರಾಂ ದಿನಗಟ್ಟಲೆ ಪರದೆಯ ಚಿತ್ರಗಳನ್ನು ತೆಗೆದು ತೆಗೆದು ಡಿಸ್ಕಿನಲ್ಲಿ ತುಂಬಿಸಿಟ್ಟಿತ್ತು. ಪಟ್ಟಿ ಬರೆದಿಡಲು ಜಾಗವಿಲ್ಲದೆ ಲೆಕ್ಕ ಶುರುವಿನಲ್ಲೇ ಉಸಿರು ಬಿಟ್ಟಿತ್ತು. ಉಸಿರು ನಿಂತವನನ್ನು ನೋಡಿ ಒಳ್ಳೆ ನಿದ್ದೆ ಬಂತು ಎಂದು ಖುಷಿಪಟ್ಟ ಹಾಗಿತ್ತು ಆ ಚೀಟಿ.

ಕೋಣೆಯಲ್ಲಿ ಚಪ್ಪಾಳೆ. ಕಂಪ್ಯೂಟರು ಕೂಡ ಇಷ್ಟು ದಿನ ನನ್ನನ್ನು ನೋಡಿ ಸೋಮಾರಿತನ ಕಲಿತಿತ್ತು ಎಂದು ಗುಮಾಸ್ತ ಹಲ್ಲು ಕಿರಿದ. ಸಾಹೇಬರು ಟಿಂಗಣ್ಣನ ಬೆನ್ನು ತಟ್ಟಿದರು. ನಾನು ಬಾಯಿ ತೆರೆದೆ, ಅದನ್ನು ಮಾತ್ರ ನನ್ನ ಪರವಾಗಿ ಬರೆದುಕೊಳ್ಳಿ. ಸರ್, ಇಷ್ಟು ಬೇಗ, ಎಂದು ಎರಡು ಮಾತು ಹೊರಟಿತ್ತು.

"ಅಕ್ಕಾ, ಆದೇಶ ಓದಿದ್ದೀರಿ ತಾನೆ?" ಎಂದರು ಸಾಹೇಬರು, ಬಹಳ ಮೃದುವಾಗಿ. "ನಿಮಗೆ ಇನ್ನು ಇಲ್ಲಿ ಕೆಲಸ ಇಲ್ಲ. ಮನೆಗೆ ಹೋಗಿ, ಆರಾಮ ಮಾಡಿ."

ಆ ಮೃದು ದನಿ ನನ್ನನ್ನು ಕೆಡಿಸಿತು. ಬೈದಿದ್ದರೆ ನಾನೂ ಬೈದು ವಿಷಯ ಹೇಳಿಬಿಡುತ್ತಿದ್ದೆ. ಬಾಯಿಗೆ ಬೀಗ ಹಾಕಿಕೊಂಡೆ. ಅಭಿಪ್ರಾಯ ವ್ಯಕ್ತಪಡಿಸತಕ್ಕದ್ದಲ್ಲ ತಾನೆ? ಸರಿ, ಪಡಿಸುವುದಿಲ್ಲ. ಸಂಜೆಯೊಳಗೆ ಪಟ್ಟಿ ಗೋಡೆಗೆ ಬೀಳುತ್ತದೆ, ನಾಲ್ಕು ನೂರ ಹನ್ನೆರಡು ರಜೆ ನೋಡಿ ಅಂಗಳವೇ ನಗುತ್ತದೆ, ಭಾನುವಾರ ಬೆಳಗ್ಗೆ ಇವರೆಲ್ಲ ನನ್ನ ಮನೆ ಬಾಗಿಲಿಗೆ ಬಂದು ಕೈ ಹಿಸುಕುತ್ತ ನಿಲ್ಲುತ್ತಾರೆ. ಟೀ ಕೊಡಬೇಕೋ ಬೇಡವೋ ಎಂದು ಯೋಚಿಸುತ್ತ ಚೀಲ ಎತ್ತಿಕೊಂಡೆ.

ಅಂಗಳ ದಾಟುವಾಗ ದಪ್ಪ ಮೀಸೆಯ ಡ್ರೈವರ್ ತಡೆದ. ಕಿಟಕಿ ಮುಚ್ಚಿದೆಯಲ್ಲ, ಪಟ್ಟಿ ಆಗಿದೆ ಅಂತಾರಲ್ಲ, ಏನಕ್ಕಾ ಕಥೆ ಎಂದು ಕೇಳಿದ. ಒಳ್ಳೆಯ ಮನುಷ್ಯ. ಅವನಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಇನ್ನು ಮೇಲೆ ಕಿಟಕಿ ನೋಡಬೇಡ, ಟಿಂಗ್ ಕೇಳಿಸಿಕೊ ಎಂದು ಹೇಳಿ ಮುಂದೆ ನಡೆದೆ.

ನನಗೆ ಗೊತ್ತಿಲ್ಲದ್ದು ಒಂದೇ. ಗೋಡೆಗೆ ಅಂಟಿಸುವುದನ್ನೂ ಟಿಂಗಣ್ಣ ನಿಲ್ಲಿಸಿದ್ದ. ಪಟ್ಟಿ ಮುಗಿದ ಮೇಲೆ ಪ್ರತಿಯೊಬ್ಬರ ಫೋನಿಗೂ ಅವರವರ ಸಾಲು ಮಾತ್ರ ತಾನಾಗಿಯೇ ಹೋಗುವ ಹಾಗೆ ಮಾಡಿಟ್ಟಿದ್ದ. ಹಾಗಾಗಿ ನಾಲ್ಕು ನೂರ ಹನ್ನೆರಡು ಜನರಿಗೆ ಒಂದು ವಾರ ರಜೆ ಎಂಬ ಸುದ್ದಿ ಒಬ್ಬೊಬ್ಬರಿಗೇ, ಗುಟ್ಟಾಗಿ, ತಲುಪಿತ್ತು. ರಜೆ ಬಂದರೆ ಯಾಕೆ ಬಂತು ಎಂದು ಕೇಳುವ ನೌಕರ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಎಲ್ಲಿ ಪಕ್ಕದವನಿಗೆ ಗೊತ್ತಾಗಿ ತಪ್ಪಿಹೋಗುತ್ತದೋ ಎಂದು ಪ್ರತಿಯೊಬ್ಬನೂ ಫೋನನ್ನು ಅಂಗೈಯಲ್ಲಿ ಮುಚ್ಚಿ ಜೇಬಿಗೆ ಇಳಿಸಿದನಂತೆ. ಎರಡು ಮೂರು ಜನ ಗೆಳೆಯರು ಒಬ್ಬರಿಗೊಬ್ಬರು ಹೇಳಿಕೊಂಡು, ಆಮೇಲೆ ಇನ್ನೂ ಬಿಗಿಯಾಗಿ ಬಾಯಿ ಮುಚ್ಚಿದರಂತೆ.

ಭಾನುವಾರ ಇಡೀ ದಿನ ಕಾದೆ. ಕಾಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ, ಆದರೆ ಅವತ್ತು ನನಗೆ ಕಾಯಲು ಬರಲಿಲ್ಲ. ಫೋನನ್ನು ಪೂರ್ತಿ ಚಾರ್ಜು ಮಾಡಿ ಎದುರಿಗಿಟ್ಟುಕೊಂಡೆ. ಒಳ್ಳೆಯ ಸೀರೆ ಉಟ್ಟುಕೊಂಡೆ. ಬಾಗಿಲ ಬಳಿ ಸದ್ದಾದರೆ ಎದ್ದೆ. ಯಾರೂ ಬರಲಿಲ್ಲ. ಸಂಜೆಯ ಹೊತ್ತಿಗೆ, ಅವರೇ ಸರಿಮಾಡಿಕೊಂಡಿರಬೇಕು, ನನ್ನನ್ನು ಕೇಳದೆಯೇ ಸರಿಹೋಗಿರಬೇಕು ಎಂಬ ಯೋಚನೆ ಬಂತು. ಪಟ್ಟಿ ಕೆಟ್ಟದ್ದಕ್ಕಿಂತ ನಾನಿಲ್ಲದೆ ಸರಿಹೋದದ್ದು ನನಗೆ ದೊಡ್ಡ ಸಂಕಟವಾಗಿತ್ತು.

ನಮ್ಮ ಮನೆಯವರು ಆಗ ನಾಳೆಗೆ ಅಂಗಿ ಇಸ್ತ್ರಿ ಮಾಡಿಕೊಳ್ಳುತ್ತಿದ್ದರು. ಕಣ್ಣು ಕಾಣದಿದ್ದರೂ ಕಾಲರಿನ ಮಡಿಕೆಯನ್ನು ಬೆರಳಲ್ಲೇ ಹುಡುಕಿ ಒತ್ತುವ ಕೈ ಅದು. ನಾನು ಬೆಳಗ್ಗೆ ಕೋಣೆಯ ಬೀಗದಕೈ ಒಪ್ಪಿಸಿ ನೆಲಮಾಳಿಗೆಗೆ ಇಳಿಯಲೇಬೇಕಾಗಿದ್ದರಿಂದ ಇವರು ಒಬ್ಬರೇ ಹೋಗುವುದೆಂದು ಮಾತಾಗಿತ್ತು. ಬೀದಿಯ ತುದಿಯಲ್ಲಿ ಎಂಟು ಹತ್ತರ ಬಸ್ಸು ಹತ್ತಿದರೆ ಆಸ್ಪತ್ರೆಯ ಗೇಟಿನಲ್ಲೇ ಇಳಿಸುತ್ತದೆ, ಅಲ್ಲಿ ನನ್ನ ನಾದಿನಿ ಕಾದಿರುತ್ತಾಳೆ. ಬೆಲೆಬಾಳುವ ಸಾಮಾನು ತರಬೇಡಿ ಎಂದು ಆಸ್ಪತ್ರೆಯವರು ಹೇಳಿದ್ದರಿಂದ ವಾಚು, ಫೋನು ಎರಡನ್ನೂ ಕಪಾಟಿನಲ್ಲಿ ತೆಗೆದಿಟ್ಟಿದ್ದರು.

"ಹೊಸ ಪಟ್ಟಿ ನಾಳೆಯಿಂದ ಅಲ್ವಾ?" ಎಂದು ಕೇಳಿದರು. "ಎಲ್ಲ ಸರಿ ಇದೆ ತಾನೆ?"

"ಟಿಂಗ್ ಅಂದಿದೆ," ಅಂದೆ. "ಟಿಂಗ್ ಅಂದ ಮೇಲೆ ಮುಗೀತು."

ಅವರು ನಕ್ಕರು. ನನ್ನ ಕೊಂಕು ಅವರಿಗೆ ಇಷ್ಟ.

ಸೋಮವಾರ ಏಳು ಗಂಟೆಗೆ ಮನೆ ಬಿಟ್ಟೆ, ಡಿಪೋಗೆ ಅರ್ಧ ಗಂಟೆಯ ನಡಿಗೆ. ಗೇಟು ದಾಟಿದವಳು ಅಲ್ಲೇ ನಿಂತೆ. ಅಂಗಳದ ತುಂಬ ಬಸ್ಸು. ಬೆಳಗಿನ ಏಳೂವರೆಗೆ ಖಾಲಿ ಇರಬೇಕಾದ ಅಂಗಳದಲ್ಲಿ ಸಾಲು ಸಾಲಾಗಿ, ತೊಳೆದು ನಿಲ್ಲಿಸಿದ ಬಸ್ಸುಗಳು, ಒಂದರಲ್ಲೂ ಮನುಷ್ಯರಿಲ್ಲ. ಕಾವಲುಗಾರ ಒಬ್ಬನೇ ಅವುಗಳ ನಡುವೆ ಓಡಾಡುತ್ತಿದ್ದ. ನನಗೆ ನಗು ಬಂತು. ಸೆರಗು ಬಾಯಿಗೆ ಒತ್ತಿ ಹಿಡಿದರೂ ನಿಲ್ಲಲಿಲ್ಲ, ಬಸ್ಸಿಗೆ ಒರಗಿ ನಕ್ಕೆ, ಕಣ್ಣೀರು ಬರುವವರೆಗೂ ನಕ್ಕೆ. ಸಾಹೇಬರು ಎರಡು ಕಿವಿಗೆ ಎರಡು ಫೋನು ಹಿಡಿದು ಮೆಟ್ಟಿಲ ಮೇಲೆ ಬೆವರುತ್ತಿದ್ದರು. ಟಿಂಗಣ್ಣನ ಫೋನು ನಿಲ್ಲದೆ ಟಿಂಗ್ ಟಿಂಗ್ ಎನ್ನುತ್ತಿತ್ತು, ಎಲ್ಲವೂ ದೂರುಗಳು. ಕೊನೆಗೂ ಅವನ ಯಂತ್ರ ನಿಜ ಹೇಳುತ್ತಿತ್ತು.

ಸಾಹೇಬರು ನನ್ನನ್ನು ಕಂಡವರೇ ಇಳಿದು ಓಡಿ ಬಂದರು. ಮನೆಗೆ ಹೋಗಿ ಆರಾಮ ಮಾಡಿ ಎಂದ ಬಾಯಿಂದ ಅಕ್ಕಾ ಕಾಪಾಡಿ ಎಂಬ ಮಾತು ಬಂತು. ನೆಲಮಾಳಿಗೆಗೆ ಸಾಗಿಸಿದ್ದ ನನ್ನ ಕುರ್ಚಿಯನ್ನು ಅವರೇ ಮಹಡಿಯ ಕೋಣೆಗೆ ಹೊತ್ತು ತಂದರು, ಕರವಸ್ತ್ರದಿಂದ ಒರೆಸಿದರು. ಆದೇಶ ಹರಿದು ಹಾಕುತ್ತೇನೆ, ನೀವು ಇರುವಷ್ಟು ದಿನ ಈ ಕೋಣೆ ನಿಮ್ಮದೇ, ಬರೆದು ಕೊಡುತ್ತೇನೆ ಎಂದರು. ಟಿಂಗಣ್ಣ ಗೋಡೆ ನೋಡುತ್ತ ನಿಂತಿದ್ದ. ನಾನು ಕನಸು ಕಂಡದ್ದಕ್ಕಿಂತ ಎರಡು ಪಟ್ಟು ಚೆನ್ನಾಗಿ ನಡೆಯುತ್ತಿತ್ತು. ಅವರನ್ನು ಇನ್ನೂ ಸ್ವಲ್ಪ ಗೋಗರೆಸೋಣ ಎಂದು ತಲೆ ಎತ್ತಿ ಸುಮ್ಮನೆ ಗಡಿಯಾರ ನೋಡಿದೆ.

ಎಂಟು ಗಂಟೆ ಐದು ನಿಮಿಷ.

ಆಗ ನೆನಪಾಯಿತು. ಅಂಗಳದಲ್ಲಿ ನಾನು ಒರಗಿ ನಕ್ಕಿದ್ದು ಯಾವ ಬಸ್ಸಿಗೆ ಎಂದು ಕಿಟಕಿಯಿಂದ ನೋಡಿದೆ. ಎಂಟು ಹತ್ತಕ್ಕೆ ನಮ್ಮ ಬೀದಿಯ ತುದಿಗೆ ಬರಬೇಕಾದ ಬಸ್ಸೂ ಅದೇ ಸಾಲಿನಲ್ಲಿತ್ತು.

ಇವರಿಗೆ ಫೋನು ಮಾಡಿದೆ. ಕಪಾಟಿನೊಳಗೆ ಅದು ಬಡಿದುಕೊಳ್ಳುತ್ತಿರುವುದು ನನಗೆ ಇಲ್ಲಿಂದಲೇ ಕಂಡಂತಾಯಿತು. ಒಂದು ಗಂಟೆ ಬಿಟ್ಟು ಬರುತ್ತೇನೆ ಎಂದು ಚೀಲ ಹಿಡಿದೆ. ನೀವು ಎದ್ದರೆ ನಾನು ಸತ್ತೆ ಎಂದರು ಸಾಹೇಬರು. ತುಂಬಿದ ಡಿಸ್ಕಿನಲ್ಲಿ ಯಾವುದನ್ನು ಅಳಿಸಬೇಕು, ಎಲ್ಲಿಂದ ಶುರು ಮಾಡಬೇಕು ಎಂಬುದು ಅಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು, ಮತ್ತು ಆ ಮಾತು ಕೇಳಲು ಬಹಳ ಹಿತವಾಗಿತ್ತು. ಇವರೇನು ಮಗುವೇ? ನಿಲ್ದಾಣದಲ್ಲಿ ಯಾರಾದರೂ ಹೇಳುತ್ತಾರೆ. ಬಾಡಿಗೆ ಕಾರು ಹಿಡಿದು ಹೋಗುತ್ತಾರೆ. ನಾದಿನಿ ಹೇಗಾದರೂ ನೋಡಿಕೊಳ್ಳುತ್ತಾಳೆ. ಹೀಗೆ ಒಂದೊಂದಾಗಿ ಹೇಳಿಕೊಂಡೆ, ಒಂದನ್ನೂ ನಂಬಲಿಲ್ಲ. ಕುರ್ಚಿಯಲ್ಲಿ ಕೂತೆ.

ಟಿಂಗಣ್ಣನ ಚಿತ್ರಗಳನ್ನೆಲ್ಲ ಅಳಿಸಿ ಎಂಟೂಕಾಲಿಗೆ ಲೆಕ್ಕ ಶುರು ಮಾಡಿದೆ. ಆರೂವರೆ ಗಂಟೆ. ಅದನ್ನು ಬೇಗ ಮುಗಿಸು ಎಂದು ಬೈಯಲು ಬರುವುದಿಲ್ಲ. ಒಂಬತ್ತು ಆಯಿತು, ಹತ್ತು ಆಯಿತು. ಹತ್ತೂಕಾಲಿಗೆ ನಾದಿನಿ ಫೋನು ಮಾಡಿ, ಅಣ್ಣ ಇನ್ನೂ ಬಂದಿಲ್ಲ, ಹೆಸರು ಎರಡು ಸಲ ಕೂಗಿದರು ಎಂದಳು. ಹತ್ತೂಮುಕ್ಕಾಲಿಗೆ ಮತ್ತೆ ಮಾಡಿ, ಮುಂದಿನವರನ್ನು ಒಳಗೆ ಕರೆದುಕೊಂಡರು ಎಂದಳು. ನನ್ನ ಆಫೀಸಿಗೂ ನನಗೂ ಚೆನ್ನಾಗಿ ಬೈದಳು. ಪರದೆಯ ಮೇಲೆ ಮೂವತ್ತೆಂಟು ಇತ್ತು. ಹೆಣಿಗೆಯ ಚೀಲ ಪಕ್ಕದಲ್ಲೇ ಇತ್ತು, ಕೈ ಹೋಗಲಿಲ್ಲ.

ಎರಡೂಮುಕ್ಕಾಲಿಗೆ ಉಳಿದವರು ಸೊನ್ನೆ ಎಂದು ಬಂತು. ಎದ್ದು ಕಿಟಕಿ ತೆರೆದೆ. ರಜೆ ಕಳೆದುಕೊಂಡು ಮುಖ ಊದಿಸಿಕೊಂಡು ಬಂದಿದ್ದವರು ಕೆಳಗೆ ಕತ್ತೆತ್ತಿ ನೋಡಿದರು. ದಪ್ಪ ಮೀಸೆಯವನು ಕೈ ಎತ್ತಿ ಹಿಡಿದ. ಸಾಹೇಬರು ಹೊಸ ಆದೇಶ ಕೊಟ್ಟರು: ಇನ್ನು ಮುಂದೆ ಟಿಂಗ್ ಎಂದದ್ದು ನಿಜವೋ ಸುಳ್ಳೋ ಎಂದು ನೋಡುವ ಅಧಿಕಾರ ನನ್ನದು. ಅದಕ್ಕಾಗಿ ನನ್ನ ಫೋನಿಗೂ ಆ ಪ್ರೋಗ್ರಾಂ ಹಾಕಿಸಿದರು. ಟಿಂಗಣ್ಣನನ್ನು ತೆಗೆದು ಹಾಕಿದರು ಎಂದುಕೊಂಡಿರಾ? ಡಿಪೋದಲ್ಲಿ ಮಾಹಿತಿ ಯಾಕೆ ಕೈತಪ್ಪುತ್ತದೆ ಎಂದು ಅಧ್ಯಯನ ಮಾಡಲು ಇನ್ನೂ ಮೂರು ತಿಂಗಳು ಇಟ್ಟುಕೊಂಡರು. ಪಟ್ಟಿಯ ನಕಲು ತೆಗೆದಿಡುವ ಕೆಲಸವನ್ನು ಓಡಲು ಬಿಟ್ಟು ನಾನು ಮನೆಗೆ ಬಂದೆ.

ಇವರು ಅಡುಗೆಮನೆಯ ಬೆಂಚಿನ ಮೇಲೆ ಇಸ್ತ್ರಿ ಅಂಗಿಯಲ್ಲೇ ಕೂತಿದ್ದರು. ಬೆವರಿ ಕಾಲರು ಮೆತ್ತಗಾಗಿತ್ತು. ಹನ್ನೊಂದೂವರೆಯವರೆಗೆ ನಿಲ್ದಾಣದಲ್ಲಿ ನಿಂತಿದ್ದರಂತೆ. ಬಸ್ಸಿಲ್ಲ ಎಂದು ಒಂದಿಬ್ಬರು ಹೇಳಿ ಹೋದರಂತೆ.

"ನಿನ್ನ ಡಿಪೋ ಬಸ್ಸಲ್ವಾ," ಎಂದರು. "ಬರದೇ ಎಲ್ಲಿ ಹೋಗುತ್ತೆ ಅಂತ ನಿಂತೆ. ನೀನು ಎಂಟು ಹತ್ತು ಅಂದಿದ್ದೆಯಲ್ಲ."

ನಾದಿನಿ ಆಸ್ಪತ್ರೆಯಲ್ಲಿ ಕೇಳಿಕೊಂಡಿದ್ದಳು. ಇನ್ನೊಂದು ದಿನ ಯಾವಾಗ ಎಂದು ಹೇಳಲಾಗದು, ಸರದಿಯ ಕೊನೆಗೆ ಹೋಗುತ್ತದೆ, ದಿನ ಸಿಕ್ಕಾಗ ಫೋನಿಗೆ ಮೆಸೇಜು ಬರುತ್ತದೆ ಎಂದಿದ್ದರಂತೆ. ಅದನ್ನು ಇವರೇ ನನಗೆ ಸಮಾಧಾನದ ದನಿಯಲ್ಲಿ ಹೇಳಿದರು. ನಾನು ಟೀಗೆ ನೀರಿಟ್ಟೆ.

ನನ್ನ ಚೀಲದೊಳಗೆ ಟಿಂಗ್ ಎಂದಿತು.

ಇವರು ಥಟ್ಟನೆ ಮುಖ ಎತ್ತಿದರು. "ಆಸ್ಪತ್ರೆಯವರಾ? ನೋಡು, ನೋಡು."

ತೆಗೆದು ನೋಡಿದೆ. "ಅಲ್ಲ. ಆಫೀಸಿಂದು. ಕೆಲಸ ಮುಗೀತಂತೆ."

ಅವರು ಮತ್ತೆ ಗೋಡೆಗೆ ಒರಗಿದರು. ಬೆರಳು ಮೆತ್ತಗಾದ ಕಾಲರಿನ ಮಡಿಕೆಯನ್ನು ಹುಡುಕುತ್ತಿತ್ತು. ಕೋಪವಿಲ್ಲದೆ, ಸುಮ್ಮನೆ ತಿಳಿದುಕೊಳ್ಳಲೆಂದು ಕೇಳಿದರು.

"ಪಟ್ಟಿ ಕೆಟ್ಟಿದೆ ಅಂತ ನಿಂಗೆ ಯಾವಾಗ ಗೊತ್ತಾಯ್ತು?"

ನೀರು ಕುದಿಯುತ್ತಿತ್ತು. ಇವತ್ತು ಬೆಳಗ್ಗೆ ಎಂದು ಹೇಳಬಹುದಿತ್ತು. ಅವರು ನಂಬುತ್ತಿದ್ದರು, ನನ್ನ ಮಾತನ್ನು ಅವರು ಯಾವತ್ತೂ ನಂಬದೆ ಇದ್ದದ್ದಿಲ್ಲ.

"ಶನಿವಾರ," ಅಂದೆ. "ಎರಡು ಗಂಟೆ ಹನ್ನೊಂದು ನಿಮಿಷಕ್ಕೆ."